ಸೂಪಿನ ಡಬ್ಬಿಯಿಂದ ಕೇಕು: ಹಳೆಯ ಅಮೆರಿಕನ್ ಪಾಕಪುಸ್ತಕವೊಂದನ್ನು ಓದಿ ಅಡುಗೆ ಮಾಡುವ ಬಗೆ

ಅಮೆರಿಕದ ಮಧ್ಯಪಶ್ಚಿಮ ಸೀಮೆಯ ಸಣ್ಣ ಊರುಗಳಲ್ಲಿ ಗ್ರಂಥಾಲಯದವರು ಆಗಾಗ ನಡೆಸುವ ಹಳೆಯ ಪುಸ್ತಕಗಳ ಮಾರಾಟಕ್ಕೆ ಹೋದವರು, ಕಾದಂಬರಿಗಳ ರಾಶಿಯನ್ನೂ ವಿಶ್ವಕೋಶಗಳ ಸಾಲನ್ನೂ ದಾಟಿ ಮೂಲೆಯ ಮೇಜಿನ ಬಳಿಗೆ ಬಂದರೆ, ಬೆನ್ನಿಗೆ ಪ್ಲಾಸ್ಟಿಕ್ಕಿನ ಬಾಚಣಿಗೆಯನ್ನೋ ತಂತಿಯ ಸುರುಳಿಯನ್ನೋ ಪೋಣಿಸಿದ, ಬೆರಳಚ್ಚಿನ ಅಕ್ಷರಗಳ, ರಟ್ಟಿನ ಮೇಲೆ ಚರ್ಚಿನ ಗೋಪುರದ ರೇಖಾಚಿತ್ರವುಳ್ಳ ತೆಳು ಪುಸ್ತಕಗಳಲ್ಲಿ ಒಂದಲ್ಲ ಒಂದು ಅಲ್ಲಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಇವು ಯಾವೊಬ್ಬ ಪಾಕಪ್ರವೀಣನ ಕೃತಿಗಳೂ ಅಲ್ಲ. ಚರ್ಚಿನ ಮಹಿಳಾ ಮಂಡಲಿಯವರೋ, ಶಾಲೆಯ ಪೋಷಕರ ಕೂಟದವರೋ, ಊರಿನ ಆಸ್ಪತ್ರೆಗೆ ನೆರವಾಗಲೆಂದು ಸೇರಿದ ಗೃಹಿಣಿಯರೋ ತಂತಮ್ಮ ಮನೆಯ ಅಡುಗೆಗಳನ್ನು ಬರೆದು ಒಂದೆಡೆ ಕೂಡಿಸಿ, ಅಚ್ಚು ಹಾಕಿಸಿ ಮಾರಿ, ಬಂದ ಹಣವನ್ನು ಸತ್ಕಾರ್ಯಕ್ಕೆ ವಿನಿಯೋಗಿಸಿದ ಪುಸ್ತಕಗಳಿವು. ಆದುದರಿಂದ ಪ್ರತಿಯೊಂದು ಪಾಕದ ಕೆಳಗೂ ಒಬ್ಬೊಬ್ಬ ಹೆಂಗಸಿನ ಹೆಸರಿರುತ್ತದೆ, ಅಥವಾ ಆ ಕಾಲದ ಪದ್ಧತಿಯಂತೆ ಅವಳ ಗಂಡನ ಹೆಸರಿನ ಹಿಂದೆ 'ಶ್ರೀಮತಿ' ಎಂಬ ಬಿರುದು ಮಾತ್ರ ಇರುತ್ತದೆ.

ಮಗಳ ಮನೆಯಲ್ಲಿ ತಂಗಿದ್ದ ಒಂದು ಬೇಸಗೆಯಲ್ಲಿ ಅಂಥದೊಂದು ಪುಸ್ತಕವನ್ನು ಒಂದು ಡಾಲರಿಗೆ ಕೊಂಡು ತಂದು ಸಾವಕಾಶವಾಗಿ ಓದತೊಡಗಿದಾಗ ನನಗೆ ಮೊದಲು ಉಂಟಾದದ್ದು ವಿಸ್ಮಯ, ಅನಂತರ ನಗು, ಕೊನೆಗೆ ನಾಲ್ಕಾರು ಪಾಕಗಳನ್ನು ಕೈಯಾರೆ ಮಾಡಿ ನೋಡಿದ ಮೇಲೆ ಗೌರವ. ಟೊಮ್ಯಾಟೊ ಸೂಪಿನ ಡಬ್ಬಿಯನ್ನು ಹಿಟ್ಟಿಗೆ ಸುರಿದು ಮಾಡುವ ಕೇಕು, ಕ್ಯಾರೆಟ್ಟಿನ ತುರಿಯನ್ನು ಒಡಲಲ್ಲಿ ಹೊತ್ತು ನಡುಗುವ ಸಿಹಿ ಸಲಾಡು, ಸೇಬೇ ಇಲ್ಲದ ಸೇಬಿನ ಪೈ ಮೊದಲಾದವು ಮೇಲುನೋಟಕ್ಕೆ ಹುಚ್ಚಾಟಗಳಂತೆ ತೋರಿದರೂ, ಅವುಗಳಲ್ಲಿ ಬರುವ ಪ್ರತಿಯೊಂದು ಡಬ್ಬಿಯೂ ಪೊಟ್ಟಣವೂ ಒಂದೊಂದು ಕೆಲಸಕ್ಕೆ ನಿಯುಕ್ತವಾಗಿರುತ್ತದೆ. ಆ ಕೆಲಸ ಯಾವುದೆಂದು ಅರಿತವರಿಗೆ ಡಬ್ಬಿಯಿಲ್ಲದೆಯೂ ಪಾಕ ಸಿದ್ಧಿಸುತ್ತದೆ, ಅರಿಯದವರಿಗೆ ಡಬ್ಬಿಯಿದ್ದೂ ಕೆಡುತ್ತದೆ. ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರಿಗೂ, ಇಲ್ಲಿಯೇ ಕುಳಿತು ಇಂಥ ಪುಸ್ತಕದ ಪ್ರತಿಯೊಂದನ್ನು ಕೈಗೆತ್ತಿಕೊಂಡವರಿಗೂ ಈ ಅರಿವು ಉಪಯೋಗಕ್ಕೆ ಬಂದೀತೆಂದು ಈ ಲೇಖನ.

ಪುಸ್ತಕದ ವಂಶಾವಳಿ

ಈ ಜಾತಿಯ ಪುಸ್ತಕಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸಲ್ಪಡುವುದು 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ಫಿಲಡೆಲ್ಫಿಯ ನಗರದಲ್ಲಿ ಮರಿಯಾ ಜೆ. ಮಾಸ್ ಎಂಬಾಕೆ ಹೊರತಂದ 'ಎ ಪೊಯೆಟಿಕಲ್ ಕುಕ್-ಬುಕ್'. ಗಾಯಾಳು ಯೋಧರ ಶುಶ್ರೂಷೆಗಾಗಿ ನಡೆದ ದೊಡ್ಡ ಜಾತ್ರೆಯೊಂದರಲ್ಲಿ ಅದು ಮಾರಾಟವಾಯಿತು. ಹೆಸರೇ ಸೂಚಿಸುವಂತೆ ಅದರಲ್ಲಿ ಪಾಕಗಳೊಂದಿಗೆ ಪದ್ಯಗಳೂ ಇದ್ದುವು. ಹದಿನಾರನೆಯ ಶತಮಾನದ ಆರಂಭದಲ್ಲಿಯೇ ಮಂಗರಸನು 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದದ್ದನ್ನು ಬಲ್ಲ ಕನ್ನಡಿಗನಿಗೆ ಅಡುಗೆಗೂ ಪದ್ಯಕ್ಕೂ ಇರುವ ಈ ನಂಟು ಹೊಸದೆನಿಸಲಾರದು. ಯುದ್ಧ ಮುಗಿದ ಮೇಲೂ ಈ ಪದ್ಧತಿ ನಿಲ್ಲದೆ ದೇಶದ ಉದ್ದಗಲಕ್ಕೂ ಹಬ್ಬಿತು. 1950ರ 'ಚಾರ್ಲ್‌ಸ್ಟನ್ ರಿಸೀಟ್ಸ್', 1959ರ 'ರಿವರ್ ರೋಡ್ ರೆಸಿಪೀಸ್' ಎಂಬ ದಕ್ಷಿಣ ಪ್ರಾಂತದ ಎರಡು ಸಂಕಲನಗಳು ಇಂದಿಗೂ ಪ್ರಸಿದ್ಧವಾಗಿವೆ.

ಡಬ್ಬಿಯೂ ಪೊಟ್ಟಣವೂ ಈ ಪುಸ್ತಕಗಳಿಗೆ ಪ್ರವೇಶಿಸಿದ ಬಗೆ ಬೇರೊಂದು ಕಥೆ. ಕಾಕತಾಳೀಯವೋ ಎಂಬಂತೆ 1897 ಎಂಬ ಒಂದೇ ವರ್ಷದಲ್ಲಿ ಎರಡು ವಸ್ತುಗಳು ಹುಟ್ಟಿದುವು. ಕ್ಯಾಂಪ್‌ಬೆಲ್ ಕಂಪನಿಯಲ್ಲಿದ್ದ ಜಾನ್ ಟಿ. ಡೊರಾನ್ಸ್ ಎಂಬ ರಸಾಯನಶಾಸ್ತ್ರಜ್ಞನು ಸೂಪಿನಲ್ಲಿರುವ ನೀರನ್ನು ಕಳೆದು ಅದನ್ನು ಗಟ್ಟಿಯಾಗಿ ಡಬ್ಬಿಗೆ ತುಂಬಿದನು. ನೀರನ್ನು ಹೊತ್ತು ಸಾಗಿಸುವ ಖರ್ಚು ಉಳಿದುದರಿಂದ ಅಗ್ಗವಾಗಿ ಮಾರುವುದು ಸಾಧ್ಯವಾಯಿತು. ನ್ಯೂಯಾರ್ಕ್ ಸಂಸ್ಥಾನದ ಲೆರಾಯ್ ಎಂಬ ಊರಿನಲ್ಲಿ ಕೆಮ್ಮಿನ ಔಷಧ ತಯಾರಿಸುತ್ತಿದ್ದ ಪರ್ಲ್ ವೇಟ್ ಎಂಬಾತನು ಜೆಲಟಿನ್ ಪುಡಿಗೆ ಸಕ್ಕರೆಯನ್ನೂ ಹಣ್ಣಿನ ಪರಿಮಳವನ್ನೂ ಬೆರೆಸಿ ಜೆಲ್-ಒ ಎಂಬುದನ್ನು ಮಾಡಿದನು. ಮಾರಲು ಬಾರದೆ ಎರಡು ವರ್ಷಗಳಲ್ಲಿ 450 ಡಾಲರಿಗೆ ಅದರ ಹಕ್ಕನ್ನು ಬಿಟ್ಟುಕೊಟ್ಟನು. 1934ರಲ್ಲಿ ಅಣಬೆಯ ಕೆನೆಸೂಪಿನ ಡಬ್ಬಿಯೂ ಅದೇ ವರ್ಷ ರಿಟ್ಜ್ ಎಂಬ ಬೆಣ್ಣೆಬಣ್ಣದ ಉಪ್ಪು ಬಿಸ್ಕತ್ತೂ ಅಂಗಡಿಗೆ ಬಂದುವು. ಎರಡನೆಯ ಮಹಾಯುದ್ಧ ಮುಗಿದು, ಮನೆಯ ಹೊರಗೆ ದುಡಿಯುವ ಹೆಂಗಸರ ಸಂಖ್ಯೆ ಬೆಳೆಯುತ್ತಿದ್ದ ಕಾಲದಲ್ಲಿ ಪಾಪಿ ಕ್ಯಾನನ್ ಎಂಬಾಕೆ 1951ರಲ್ಲಿ ಡಬ್ಬಿ ತೆರೆಯುವ ಸಾಧನದ ಹೆಸರಿನಲ್ಲಿಯೇ ಒಂದು ಪಾಕಪುಸ್ತಕ ಬರೆದಳು. 1960ರಲ್ಲಿ ಪೆಗ್ ಬ್ರ್ಯಾಕನ್ ಎಂಬಾಕೆ ತನಗೆ ಅಡುಗೆಯೆಂದರೆ ಹಗೆಯೆಂದು ರಟ್ಟಿನ ಮೇಲೆಯೇ ಸಾರಿಕೊಂಡು ಇನ್ನೊಂದನ್ನು ಬರೆದಳು. ಚರ್ಚಿನ ಹೆಂಗಸರ ಪುಸ್ತಕಗಳು ಈ ಗಾಳಿಯನ್ನೇ ಉಸಿರಾಡಿದುವು. ಮಿನೆಸೋಟ ಸೀಮೆಯಲ್ಲಿ ಅಣಬೆಯ ಕೆನೆಸೂಪಿಗೆ 'ಲೂಥರನ್ನರ ಅಂಟು' ಎಂಬ ವಿನೋದದ ಹೆಸರೇ ಬಿದ್ದಿದೆ. ಏಕೆಂದರೆ ಅಲ್ಲಿನ ಲೂಥರನ್ ಚರ್ಚುಗಳ ಸಹಭೋಜನಗಳಲ್ಲಿ ಯಾವ ಪದಾರ್ಥವನ್ನು ಯಾವುದರೊಡನೆ ಕೂಡಿಸಬೇಕಾದರೂ ನಡುವೆ ನಿಲ್ಲುವುದು ಆ ಡಬ್ಬಿಯೇ.

ಮೊದಲು ಭಾಷೆ

ಇಂಥ ಪುಸ್ತಕದಿಂದ ಅಡುಗೆ ಮಾಡಹೊರಟವರು ಒಲೆ ಹೊತ್ತಿಸುವ ಮುನ್ನ ಅದರ ಪರಿಭಾಷೆಯನ್ನು ತಿಳಿಯಬೇಕು. ಏಕೆಂದರೆ ಬರೆದವರು ತಮ್ಮ ನೆರೆಹೊರೆಯವರಿಗಾಗಿ ಬರೆದರೇ ಹೊರತು ಅರ್ಧ ಶತಮಾನದ ತರುವಾಯ ಓದುವ ಪರದೇಶೀಯರಿಗಾಗಿ ಬರೆಯಲಿಲ್ಲ.

ಅಳತೆಯ ಬಟ್ಟಲು ಎಂದರೆ ಸುಮಾರು 240 ಮಿಲಿಲೀಟರು. ದೊಡ್ಡ ಚಮಚ 15, ಸಣ್ಣ ಚಮಚ 5 ಮಿಲಿಲೀಟರು. ಒಂದು ಬಟ್ಟಲು ಮೈದಾ ಹಗುರವಾಗಿ ತುಂಬಿದರೆ 120ರಿಂದ 125 ಗ್ರಾಂ, ಸಕ್ಕರೆ 200 ಗ್ರಾಂ. ಬೆಣ್ಣೆಯ 'ಸ್ಟಿಕ್' ಒಂದಕ್ಕೆ 113 ಗ್ರಾಂ, ಅಂದರೆ ಅರ್ಧ ಬಟ್ಟಲು. 'ಓಲಿಯೊ' ಎಂದು ಬರೆದಿದ್ದರೆ ಅದು ಮಾರ್ಗರೀನು. ಅದರ ಸ್ಥಾನದಲ್ಲಿ ಬೆಣ್ಣೆಯನ್ನು ಹಾಕಿದರೆ ಪಾಕ ಕೆಡುವುದಿಲ್ಲ, ಬಹುಮಟ್ಟಿಗೆ ಉತ್ತಮವಾಗುತ್ತದೆ. ಅವನ್ನಿನ ಶಾಖವನ್ನು ಅಂಕಿಗಳಲ್ಲಿ ಹೇಳದೆ ಮಂದ, ಮಧ್ಯಮ, ತೀವ್ರ ಎಂದಷ್ಟೇ ಹೇಳಿದ್ದರೆ, ಮಂದವೆಂದರೆ 150ರಿಂದ 165 ಡಿಗ್ರಿ ಸೆಲ್ಸಿಯಸ್, ಮಧ್ಯಮವೆಂದರೆ 175ರಿಂದ 190, ತೀವ್ರವೆಂದರೆ 205ರಿಂದ 230 ಎಂದು ತಿಳಿಯತಕ್ಕದ್ದು.

ಡಬ್ಬಿಗಳ ವಿಷಯ ಇನ್ನೂ ತೊಡಕಿನದು. ಹಳೆಯ ಪುಸ್ತಕಗಳು ಡಬ್ಬಿಯನ್ನು ತೂಕದಿಂದಲ್ಲದೆ ಸಂಖ್ಯೆಯಿಂದ ಕರೆಯುತ್ತವೆ. 300ನೆಯ ಸಂಖ್ಯೆಯ ಡಬ್ಬಿಯಲ್ಲಿ ಸುಮಾರು ಒಂದೂಮುಕ್ಕಾಲು ಬಟ್ಟಲು, 303ರಲ್ಲಿ ಎರಡು ಬಟ್ಟಲು, 2ರಲ್ಲಿ ಎರಡೂವರೆ, 'ಎರಡೂವರೆ' ಎಂಬ ಸಂಖ್ಯೆಯದರಲ್ಲಿ ಮೂರೂವರೆ ಬಟ್ಟಲು ಪದಾರ್ಥ ಹಿಡಿಯುತ್ತದೆ. ಸಂಖ್ಯೆಯಿಲ್ಲದೆ 'ಒಂದು ಡಬ್ಬಿ ಸೂಪು' ಎಂದಿದ್ದರೆ ಒಂದೂಕಾಲು ಬಟ್ಟಲು ಗಟ್ಟಿ ಸೂಪೆಂದು ಎಣಿಸಬೇಕು. ಅದಕ್ಕೆ ನೀರು ಬೆರೆಸುವಂತೆ ಪಾಕ ಹೇಳದಿದ್ದಲ್ಲಿ ಬೆರೆಸಲೇಕೂಡದು. ಇನ್ನು ಕೇಕಿನ ಮಿಶ್ರಣದ ಪೊಟ್ಟಣ. ಬಹುಕಾಲ ಇದು ಹದಿನೆಂಟೂಕಾಲು ಔನ್ಸು, ಅಂದರೆ 517 ಗ್ರಾಂ ತೂಗುತ್ತಿದ್ದಿತು. ಈಚಿನ ವರ್ಷಗಳಲ್ಲಿ ತಯಾರಕರು ಪೆಟ್ಟಿಗೆಯ ಅಂದವನ್ನು ಹಾಗೆಯೇ ಉಳಿಸಿ ಒಳಗಿನ ತೂಕವನ್ನು ಹದಿನೈದೂಕಾಲು ಔನ್ಸಿಗೆ, ಅಂದರೆ 432 ಗ್ರಾಮಿಗೆ ಇಳಿಸಿದರು. ಕೆಲವು ಅದಕ್ಕಿಂತಲೂ ಕೆಳಗಿಳಿದಿವೆ. 'ಒಂದು ಪೊಟ್ಟಣ' ಎಂಬ ಹಳೆಯ ಮಾತನ್ನು ನಂಬಿ ಇಂದಿನ ಪೊಟ್ಟಣವನ್ನು ಸುರಿದರೆ ಹಿಟ್ಟು ತೆಳುವಾಗಿ, ಕೇಕು ನಡುವೆ ಕುಸಿಯುತ್ತದೆ. ಆ ಕೊರತೆಯಾದ 85 ಗ್ರಾಮನ್ನು ತುಂಬಲು ಆರು ದೊಡ್ಡ ಚಮಚ ಮೈದಾ, ಮೂರು ದೊಡ್ಡ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಬೇಕಿಂಗ್ ಪೌಡರು ಸೇರಿಸಿದರೆ ಸಾಕು.

ಪುಸ್ತಕವನ್ನು ಓದುವುದರಲ್ಲಿ ಇನ್ನೊಂದು ಗುಟ್ಟುಂಟು. ಪುಟಗಳ ಮೇಲಿನ ಕಲೆಗಳನ್ನು ನೋಡಿ. ಬೆಣ್ಣೆಯ ಜಿಡ್ಡು ಹತ್ತಿ ಪಾರದರ್ಶಕವಾದ ಪುಟವೂ, ಅಂಚಿನಲ್ಲಿ ಪೆನ್ಸಿಲಿನಿಂದ 'ಸಕ್ಕರೆ ಕಡಮೆ ಮಾಡು' ಎಂದು ಗುರುತು ಮಾಡಿದ ಪುಟವೂ ಪರೀಕ್ಷೆಯಲ್ಲಿ ಉತ್ತೀರ್ಣವಾದ ಪುಟಗಳು. ಅಚ್ಚಾದಂದಿನ ಹಾಗೆ ಶುಭ್ರವಾಗಿ ಉಳಿದ ಪುಟವನ್ನು ಕೊನೆಗೆ ಇಟ್ಟುಕೊಳ್ಳುವುದು ವಿವೇಕ.

ಮೂರು ಗುಳಿಯ ಕೇಕು

ಮೊದಲಿಗೆ ಯಾವ ವಿಶೇಷ ಸಾಮಗ್ರಿಯೂ ಬೇಡದ ಒಂದರಿಂದ ಆರಂಭಿಸೋಣ. 'ವ್ಯಾಕಿ ಕೇಕ್', ಎಂದರೆ ಹುಚ್ಚು ಕೇಕು ಎಂಬ ಹೆಸರಿನ ಇದರಲ್ಲಿ ಮೊಟ್ಟೆಯಿಲ್ಲ, ಹಾಲಿಲ್ಲ, ಬೆಣ್ಣೆಯಿಲ್ಲ; ಆ ಮೂರೂ ದುರ್ಲಭವಾದ ಕಷ್ಟಕಾಲದ ನೆನಪಿನೊಡನೆ ಬೆಸೆದುಕೊಂಡು ಬಂದ ಪಾಕವಿದು. ನಮ್ಮಲ್ಲಿಯೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಿಂದ ಇಡ್ಲಿ ಮಾಡಿದುದು ತಾವೇ ಎಂದು ಬೆಂಗಳೂರಿನ ಎಂಟಿಆರ್‌ನವರು ಹೇಳಿಕೊಂಡು ಬಂದಿದ್ದಾರೆ. ಬರಗಾಲ ಹೋಯಿತು, ರವೆ ಇಡ್ಲಿ ಉಳಿಯಿತು. ಈ ಕೇಕಿನ ಭಾಗ್ಯವೂ ಅಂಥದೇ.

ಒಂದೂವರೆ ಬಟ್ಟಲು ಮೈದಾ, ಒಂದು ಬಟ್ಟಲು ಸಕ್ಕರೆ, ಮೂರು ದೊಡ್ಡ ಚಮಚ ಕೋಕೋ ಪುಡಿ, ಒಂದು ಸಣ್ಣ ಚಮಚ ಅಡುಗೆ ಸೋಡ, ಅರ್ಧ ಸಣ್ಣ ಚಮಚ ಉಪ್ಪು ಇವನ್ನು ಎಂಟು ಅಂಗುಲದ ಚೌಕ ತಟ್ಟೆಯಲ್ಲಿಯೇ ಜರಡಿ ಹಿಡಿದು ಬೆರೆಸಿ, ಹಿಟ್ಟಿನಲ್ಲಿ ಬೆರಳಿನಿಂದ ಮೂರು ಗುಳಿಗಳನ್ನು ಮಾಡತಕ್ಕದ್ದು. ಒಂದು ಗುಳಿಗೆ ಒಂದು ದೊಡ್ಡ ಚಮಚ ವಿನೆಗರು, ಎರಡನೆಯದಕ್ಕೆ ಒಂದು ಸಣ್ಣ ಚಮಚ ವೆನಿಲಾ, ಮೂರನೆಯದಕ್ಕೆ ಆರು ದೊಡ್ಡ ಚಮಚ ವಾಸನೆಯಿಲ್ಲದ ಎಣ್ಣೆ ಹಾಕಿ, ಮೇಲೆ ಒಂದು ಬಟ್ಟಲು ತಣ್ಣೀರು ಸುರಿದು, ಗಂಟುಗಳು ಕರಗುವಷ್ಟು ಮಾತ್ರ ಕಲಸಿ, ಕೂಡಲೇ 175 ಡಿಗ್ರಿಯ ಅವನ್ನಿಗೆ ಇಡಬೇಕು. ಮೂವತ್ತರಿಂದ ಮೂವತ್ತೈದು ನಿಮಿಷದಲ್ಲಿ ಬೇಯುತ್ತದೆ. 'ಕೂಡಲೇ' ಎಂಬ ಮಾತು ಅಲಂಕಾರಕ್ಕಾಗಿ ಹೇಳಿದುದಲ್ಲ. ವಿನೆಗರಿನ ಆಮ್ಲವು ಸೋಡದೊಡನೆ ಸೇರಿ ಹುಟ್ಟಿಸುವ ಅನಿಲವೇ ಇಲ್ಲಿ ಮೊಟ್ಟೆಯ ಕೆಲಸವನ್ನು ಮಾಡುವುದರಿಂದ, ಕಲಸಿದ ಹಿಟ್ಟನ್ನು ಮೇಜಿನ ಮೇಲೆ ಮರೆತು ಬಾಗಿಲಿಗೆ ಬಂದವರೊಡನೆ ಮಾತಿಗೆ ನಿಂತರೆ ಆ ಅನಿಲವೆಲ್ಲ ಹೊರಟುಹೋಗಿ ಕೇಕು ಕಲ್ಲಾಗುತ್ತದೆ. ಅವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಕಲ್ಲುಪ್ಪನ್ನು ಹರಡಿ, ಮೊದಲೇ ಕಾಯಿಸಿ, ಅದರ ಮೇಲೊಂದು ಅಡ್ಡಣಿಗೆ ಇಟ್ಟು, ಆ ಮೇಲೆ ಕೇಕಿನ ತಟ್ಟೆಯನ್ನಿರಿಸಿ, ಬಿಗಿಯಾಗಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಕಾಲ ಕೊಂಚ ಹೆಚ್ಚು ಹಿಡಿಯುತ್ತದೆ, ನಡುವೆ ಚುಚ್ಚಿದ ಕಡ್ಡಿ ಹಿಟ್ಟು ಹತ್ತದೆ ಹೊರಬಂದರೆ ಬೆಂದಿತೆಂದು ಅರ್ಥ.

ಸೂಪಿನ ಕೇಕು

ಈ ಪುಸ್ತಕಗಳ ಕೀರ್ತಿಗೂ ಅಪಕೀರ್ತಿಗೂ ಕಾರಣವಾದ ಪಾಕ ಇದೇ. ಸಾಹಿತ್ಯಗುಣದಿಂದ ಪಾಕವಿಚಾರವನ್ನು ಬರೆದ ಎಂ.ಎಫ್.ಕೆ. ಫಿಶರ್ ತನ್ನ 1942ರ 'ಹೌ ಟು ಕುಕ್ ಎ ವುಲ್ಫ್' ಎಂಬ ಯುದ್ಧಕಾಲದ ಗ್ರಂಥದಲ್ಲಿ ಇದಕ್ಕೆ ಸ್ಥಾನ ಕೊಟ್ಟಿರುವುದನ್ನು ನೋಡಿದರೆ, ಇದು ಕೇವಲ ಪರಿಹಾಸ್ಯಕ್ಕೆ ಅರ್ಹವಾದದ್ದಲ್ಲವೆಂದು ತಿಳಿಯುತ್ತದೆ. ಸೂಪು ಇಲ್ಲಿ ಏನು ಮಾಡುತ್ತದೆ? ಅದರ ಆಮ್ಲವು ಸೋಡವನ್ನು ಎಚ್ಚರಿಸುತ್ತದೆ; ಅದರ ತಿರುಳು ತೇವವನ್ನು ಹಿಡಿದಿಟ್ಟು ಕೇಕನ್ನು ಮರುದಿನಕ್ಕೂ ಮೃದುವಾಗಿರಿಸುತ್ತದೆ; ಅದರ ಕೆಂಪು ಕೇಕಿಗೆ ಇಟ್ಟಿಗೆಯ ಬಣ್ಣವನ್ನು ಕೊಡುತ್ತದೆ. ಲವಂಗ ದಾಲ್ಚಿನ್ನಿಗಳು ಮುಂದೆ ನಿಂತುಬಿಡುವುದರಿಂದ ಟೊಮ್ಯಾಟೊವಿನ ರುಚಿ ಮಾತ್ರ ಹಿಂದಕ್ಕೆ ಸರಿದು, ತಿಂದವರಿಗೆ ಏನೋ ಒಂದು ಗಾಂಭೀರ್ಯವಿದೆ ಎಂದು ತೋರುತ್ತದೆಯೇ ಹೊರತು ಅದಾವುದೆಂದು ತಿಳಿಯುವುದಿಲ್ಲ.

ಮೊಟ್ಟೆಯಿಲ್ಲದ ಹಳೆಯ ಕ್ರಮ ಹೀಗಿದೆ. ಮೂರು ದೊಡ್ಡ ಚಮಚ ಬೆಣ್ಣೆಯನ್ನು ಒಂದು ಬಟ್ಟಲು ಸಕ್ಕರೆಯೊಡನೆ ಚೆನ್ನಾಗಿ ನಾದಬೇಕು. ಎರಡು ಬಟ್ಟಲು ಮೈದಾಕ್ಕೆ ಒಂದು ಸಣ್ಣ ಚಮಚ ದಾಲ್ಚಿನ್ನಿ ಪುಡಿ, ಜಾಯಿಕಾಯಿ, ಶುಂಠಿ, ಲವಂಗಗಳ ಪುಡಿ ಕೂಡಿ ಇನ್ನೊಂದು ಸಣ್ಣ ಚಮಚ ಬೆರೆಸಬೇಕು. ಒಂದೂಕಾಲು ಬಟ್ಟಲು ಗಟ್ಟಿ ಟೊಮ್ಯಾಟೊ ಸೂಪಿಗೆ ಒಂದು ಸಣ್ಣ ಚಮಚ ಅಡುಗೆ ಸೋಡ ಹಾಕಿದೊಡನೆ ಅದು ನೊರೆಯುಕ್ಕಿ ಮೇಲೇಳುತ್ತದೆ. ಆದುದರಿಂದ ಪಾತ್ರೆ ದೊಡ್ಡದಾಗಿರಲಿ. ಆ ನೊರೆಯ ಸೂಪನ್ನೂ ಮೈದಾವನ್ನೂ ಒಂದಾದ ಮೇಲೊಂದರಂತೆ ಬೆಣ್ಣೆ ಸಕ್ಕರೆಗೆ ಬೆರೆಸಿ, ಒಂದು ಬಟ್ಟಲು ಒಣದ್ರಾಕ್ಷಿಯನ್ನೂ ಒಂದು ಹಿಡಿ ಗೋಡಂಬಿಯನ್ನೋ ಆಕ್ರೋಟವನ್ನೋ ಸೇರಿಸಿ, ಉದ್ದನೆಯ ಬ್ರೆಡ್ಡಿನ ಅಚ್ಚಿನಲ್ಲಿ 165 ಡಿಗ್ರಿಯಲ್ಲಿ ಐವತ್ತು ನಿಮಿಷದಷ್ಟು ಬೇಯಿಸಿದರಾಯಿತು.

ಗಟ್ಟಿ ಸೂಪಿನ ಡಬ್ಬಿ ಸಿಕ್ಕದ ಕಡೆ, ಬೀಜ ಸಿಪ್ಪೆ ತೆಗೆದು ಸೋಸಿದ ಟೊಮ್ಯಾಟೊ ತಿರುಳು ಒಂದೂಕಾಲು ಬಟ್ಟಲಿಗೆ ಒಂದು ದೊಡ್ಡ ಚಮಚ ಮೈದಾ, ಒಂದು ದೊಡ್ಡ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಕದಡಿ ಗೊಜ್ಜಿನ ಹದಕ್ಕೆ ಕುದಿಸಿ ಆರಿಸಿಕೊಂಡರೆ ಕೆಲಸ ನಡೆಯುತ್ತದೆ. ನಮ್ಮ ಅಂಗಡಿಗಳಲ್ಲಿ ದೊರೆಯುವ ಸೂಪಿನ ಪುಡಿಯ ಪೊಟ್ಟಣಗಳನ್ನು ಮಾತ್ರ ಈ ಕೇಕಿನ ಹತ್ತಿರ ಸುಳಿಯಗೊಡಬಾರದು. ಅವುಗಳಲ್ಲಿ ಸಾಮಾನ್ಯವಾಗಿ ಬೆರೆತಿರುವ ಈರುಳ್ಳಿ ಬೆಳ್ಳುಳ್ಳಿಗಳನ್ನು ಎಷ್ಟು ಲವಂಗ ಹಾಕಿದರೂ ಅಡಗಿಸಲಾಗದು.

ಹುರುಳಿಕಾಯಿಯ ಕ್ಯಾಸರೋಲು

1955ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡನ್ ಪಟ್ಟಣದಲ್ಲಿ ಕ್ಯಾಂಪ್‌ಬೆಲ್ ಕಂಪನಿಯ ಪ್ರಯೋಗಾತ್ಮಕ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಎಂಬಾಕೆ ತನ್ನ ಸಹಾಯಕರೊಡನೆ ರೂಪಿಸಿದ ಈ ಕ್ಯಾಸರೋಲು, ಎಂದರೆ ಪಾತ್ರೆಯಲ್ಲಿಟ್ಟು ಅವನ್ನಿನಲ್ಲಿ ಬೇಯಿಸುವ ಪಾಕ, ಯಾವ ಮನೆಯಲ್ಲಿಯೂ ಸಾಮಾನ್ಯವಾಗಿ ಇರುವ ವಸ್ತುಗಳಿಂದಲೇ ಆಗಬೇಕೆಂಬ ನಿಯಮಕ್ಕೆ ಕಟ್ಟುಬಿದ್ದು ಹುಟ್ಟಿತು. ಇಂದು ಅಮೆರಿಕನ್ನರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಇದಕ್ಕೊಂದು ಶಾಶ್ವತ ಸ್ಥಾನವುಂಟು. ಆಕೆಯ ಮೂಲ ಪಾಕಪತ್ರವನ್ನು 2002ರಲ್ಲಿ ರಾಷ್ಟ್ರೀಯ ಸಂಶೋಧಕರ ಕೀರ್ತಿಮಂದಿರಕ್ಕೆ ಒಪ್ಪಿಸಲಾಯಿತು. ಸಾಮುದಾಯಿಕ ಪುಸ್ತಕಗಳಲ್ಲಿ ಇದು ಹತ್ತಾರು ಗೃಹಿಣಿಯರ ಹೆಸರಿನಲ್ಲಿ ಬಂದಿದ್ದರೂ ಮೂಲ ಒಂದೇ.

ಅಣಬೆಯ ಕೆನೆಸೂಪಿನ ಕಾರ್ಯವನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು. ಹಿಟ್ಟಿನ ಪಿಷ್ಟ ಶಾಖದಲ್ಲಿ ಉಬ್ಬಿ, ಕೊಬ್ಬನ್ನೂ ನೀರನ್ನೂ ಬೇರ್ಪಡಗೊಡದೆ ಹಿಡಿದು, ತರಕಾರಿಗಳ ನಡುವೆ ಬಂಧನವಾಗಿ ನಿಲ್ಲುತ್ತದೆ. ಅದನ್ನು ಮನೆಯಲ್ಲಿಯೇ ಮಾಡಬೇಕಾದರೆ, ಮೂರು ದೊಡ್ಡ ಚಮಚ ಬೆಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ 100 ಗ್ರಾಂ ಅಣಬೆಯನ್ನು ನೀರು ಬತ್ತುವ ಪರ್ಯಂತ ಬಾಡಿಸಿ, ಮೂರು ದೊಡ್ಡ ಚಮಚ ಮೈದಾ ಉದುರಿಸಿ ಹಸಿವಾಸನೆ ಹೋಗುವಷ್ಟು ಹುರಿದು, ಅರ್ಧ ಬಟ್ಟಲು ಹಾಲು, ಅರ್ಧ ಬಟ್ಟಲು ತರಕಾರಿ ಬೇಯಿಸಿದ ನೀರು ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಉಪ್ಪು ಮೆಣಸಿನೊಡನೆ ಗಟ್ಟಿಯಾಗುವವರೆಗೆ ತಿರುಗಿಸಬೇಕು. ಇದು ಒಂದು ಡಬ್ಬಿಗೆ ಸಮ.

ಇದಕ್ಕೆ ಅರ್ಧ ಬಟ್ಟಲು ಹಾಲು, ಒಂದು ಸಣ್ಣ ಚಮಚ ಸೋಯಾ ಸಾಸು, ಮೆಣಸಿನ ಪುಡಿ ಸೇರಿಸಿ, ಬೇಯಿಸಿ ನೀರು ಬಸಿದ ಹುರುಳಿಕಾಯಿ ನಾಲ್ಕು ಬಟ್ಟಲು, ಗರಿಗರಿಯಾಗಿ ಕರಿದ ಈರುಳ್ಳಿ ಮುಕ್ಕಾಲು ಬಟ್ಟಲಿಗೆ ಸ್ವಲ್ಪ ಕಡಮೆ ಬೆರೆಸಿ, ಅವನ್ನಿನಲ್ಲಿ 175 ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷ ಅಂಚು ಕುದಿಯುವವರೆಗೆ ಇಟ್ಟು, ಹೊರತೆಗೆದು ಕಲಕಿ, ಮೇಲೆ ಇನ್ನಷ್ಟು ಕರಿದ ಈರುಳ್ಳಿ ಹರಡಿ ಮತ್ತೆ ಐದು ನಿಮಿಷ ಇಡಬೇಕು. ಅಲ್ಲಿ ಈ ಈರುಳ್ಳಿ ಡಬ್ಬಿಯಲ್ಲಿ ಬರುತ್ತದೆ. ಬಿರಿಯಾನಿಗೆಂದು ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಕರಿದಿಟ್ಟುಕೊಳ್ಳುವ ಮನೆಗಳಲ್ಲಿ ಆ ಡಬ್ಬಿಯನ್ನು ಹುಡುಕುವ ಅಗತ್ಯವಿಲ್ಲ. ಈರುಳ್ಳಿಯನ್ನು ಮೊದಲೇ ಹರಡಿದರೆ ಕರಿಕಾಗುತ್ತದೆ. ಕೊನೆಯ ಐದು ನಿಮಿಷದ ನಿಯಮವನ್ನು ಮೀರಬಾರದು.

ನಡುಗುವ ಸಲಾಡು

ಜೆಲಟಿನ್ ಸಲಾಡಿನ ಮೂಲಪುರುಷನೆನಿಸಿದ 'ಪರ್ಫೆಕ್ಷನ್ ಸಲಾಡ್' ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜೆಲಟಿನ್ ಕಂಪನಿಯೊಂದರ ಸ್ಪರ್ಧೆಯಲ್ಲಿ ಪೆನ್ಸಿಲ್ವೇನಿಯದ ಗೃಹಿಣಿಯೊಬ್ಬಳಿಗೆ ಮೂರನೆಯ ಬಹುಮಾನ ತಂದಿತು. ಆಕೆ ಚರಿತ್ರೆಯಲ್ಲಿ ಉಳಿದಿರುವುದು ಶ್ರೀಮತಿ ಜಾನ್ ಇ. ಕುಕ್ ಎಂದು, ಗಂಡನ ಹೆಸರಿನಲ್ಲಿಯೇ. ಎಲೆಕೋಸೂ ಸೆಲರಿಯೂ ಅಚ್ಚುಕಟ್ಟಾಗಿ ಪಾರದರ್ಶಕ ಗೋಡೆಯೊಳಗೆ ನಿಂತ ಆ ದೃಶ್ಯ ಅಂದಿನವರಿಗೆ ನಾಗರಿಕತೆಯ ಲಕ್ಷಣವಾಗಿ ಕಂಡಿತು. 1960ರ ದಶಕದಲ್ಲಿ ಸೆಲರಿಯ ಮತ್ತು ಮಸಾಲೆ ಟೊಮ್ಯಾಟೊವಿನ ರುಚಿಯ ಜೆಲ್-ಒ ಕೂಡ ಮಾರಾಟಕ್ಕೆ ಬಂದಿದ್ದಿತು; ಅವು ಈಗ ಇಲ್ಲ, ಆದುದರಿಂದ ಅವನ್ನು ಬೇಡುವ ಪಾಕಗಳನ್ನು ಚರಿತ್ರೆಗೆ ಬಿಟ್ಟುಬಿಡುವುದೇ ಲೇಸು. ಬಾಳಿಕೊಂಡು ಬಂದಿರುವುದು 'ಸನ್‌ಶೈನ್ ಸಲಾಡ್' ಎಂಬುದು: ಕ್ಯಾರೆಟ್ ತುರಿ, ಅನಾನಸು, ನಿಂಬೆ ಅಥವಾ ಕಿತ್ತಳೆಯ ಜೆಲ್-ಒ.

ಇದರಲ್ಲಿ ನಾನು ಮೊದಲ ಸಲ ಸೋತೆ. ಡಬ್ಬಿಯ ಅನಾನಸು ಏಕೆ, ತಾಜಾ ಹಣ್ಣೇ ಶ್ರೇಷ್ಠವಲ್ಲವೆ ಎಂಬ ಅಭಿಮಾನದಿಂದ ಹಣ್ಣನ್ನು ಹೆಚ್ಚಿ ಹಾಕಿ, ರಾತ್ರಿಯೆಲ್ಲ ಶೀತಪೆಟ್ಟಿಗೆಯಲ್ಲಿಟ್ಟು, ಬೆಳಗ್ಗೆ ತೆಗೆದು ನೋಡಿದರೆ ಹಳದಿ ನೀರು ಹಾಗೆಯೇ ನೀರಾಗಿದ್ದಿತು. ತಾಜಾ ಅನಾನಸಿನಲ್ಲಿರುವ ಬ್ರೋಮೆಲಿನ್ ಎಂಬ ಕಿಣ್ವವು ಪ್ರೋಟೀನನ್ನು ಕತ್ತರಿಸುತ್ತದೆ, ಜೆಲಟಿನ್ ಪ್ರೋಟೀನು; ಡಬ್ಬಿಗೆ ತುಂಬುವಾಗಿನ ಶಾಖದಲ್ಲಿ ಆ ಕಿಣ್ವ ಸಾಯುವುದರಿಂದಲೇ ಪಾಕ ಡಬ್ಬಿಯನ್ನು ಬೇಡಿದ್ದು. ಪರಂಗಿ, ಕಿವಿ ಹಣ್ಣು, ಹಸಿ ಶುಂಠಿಗಳೂ ಇದೇ ಗುಂಪಿಗೆ ಸೇರಿದುವು. ಹಳೆಯ ಪಾಕದಲ್ಲಿ ಹೇಳಿದ ಡಬ್ಬಿಯನ್ನು ಬದಲಾಯಿಸುವ ಮೊದಲು ಅದು ಅಲ್ಲಿ ಏಕಿದೆ ಎಂದು ಕೇಳಬೇಕೆಂಬ ಪಾಠವನ್ನು ನಾನು ಕಲಿತದ್ದು ಆ ಬೆಳಗ್ಗೆ.

ಜೆಲಟಿನ್ ಪ್ರಾಣಿಗಳ ಚರ್ಮ ಎಲುಬುಗಳಿಂದ ಬರುವುದು; ಶಾಕಾಹಾರಿಗಳಿಗೆ ಕಡಲಪಾಚಿಯಿಂದಾದ ಅಗರ್, ಅಂದರೆ ಚೀನಾ ಗ್ರಾಸ್ ತಕ್ಕ ಬದಲಿ. ಇದು ಪ್ರೋಟೀನಲ್ಲವಾದುದರಿಂದ ತಾಜಾ ಅನಾನಸಿಗೂ ಅಂಜುವುದಿಲ್ಲ. ಆದರೆ ಇದರ ಧರ್ಮ ಬೇರೆ. ಜೆಲಟಿನ್ ಬಿಸಿನೀರಿನಲ್ಲಿ ಕರಗುತ್ತದೆ, ಅಗರನ್ನು ಎರಡು ಮೂರು ನಿಮಿಷ ಕುದಿಸಲೇಬೇಕು. ಜೆಲಟಿನ್‌ಗೆ ಶೀತಪೆಟ್ಟಿಗೆ ಬೇಕು, ಅಗರ್ 35ರಿಂದ 40 ಡಿಗ್ರಿಗೆ ಇಳಿಯುತ್ತಲೇ ಮೇಜಿನ ಮೇಲೆಯೇ ಹೆಪ್ಪುಗಟ್ಟುತ್ತದೆ. ಜೆಲಟಿನ್ ನಾಲಗೆಯ ಮೇಲೆ ಕರಗುತ್ತದೆ, ಸುಮಾರು 85 ಡಿಗ್ರಿಯವರೆಗೂ ಕರಗದ ಅಗರನ್ನು ಹಲ್ಲಿನಿಂದ ಕಡಿಯಬೇಕು.

ಒಂದು ಬಟ್ಟಲು ನೀರಿನಲ್ಲಿ ಎರಡು ಸಣ್ಣ ಚಮಚ ಅಗರ್ ಪುಡಿಯನ್ನು ಕದಡಿ ಕುದಿಸಿ, ನಾಲ್ಕು ದೊಡ್ಡ ಚಮಚ ಸಕ್ಕರೆ ಕರಗಿಸಿ, ಒಲೆಯಿಂದ ಇಳಿಸಿ, ಬೆಚ್ಚಗೆ ಮಾಡಿದ ಕಿತ್ತಳೆ ರಸ ಒಂದು ಬಟ್ಟಲನ್ನೂ ನಿಂಬೆರಸ ಒಂದು ದೊಡ್ಡ ಚಮಚವನ್ನೂ ಬೆರೆಸಬೇಕು. ರಸ ತಣ್ಣಗಿದ್ದರೆ ಅಲ್ಲಲ್ಲಿ ಗಂಟು ಕಟ್ಟುತ್ತದೆ. ಹುಳಿಯೊಡನೆ ಅಗರನ್ನು ಕುದಿಸಿದರೆ ಅದರ ಬಲ ಕುಂದುತ್ತದೆ. ನೀರು ಸವರಿದ ಅಚ್ಚಿಗೆ ಇದನ್ನು ಹೊಯ್ದು, ಒಂದು ಬಟ್ಟಲು ಕ್ಯಾರೆಟ್ ತುರಿಯನ್ನೂ ಅರ್ಧ ಬಟ್ಟಲು ಸಣ್ಣಗೆ ಹೆಚ್ಚಿದ ಅನಾನಸನ್ನೂ ಬೇಗನೆ ಬೆರೆಸಿ, ಆರಿದ ಮೇಲೆ ಶೀತಪೆಟ್ಟಿಗೆಯಲ್ಲಿಟ್ಟು ತಣ್ಣಗೆ ಬಡಿಸಿರಿ. ಕ್ಯಾರೆಟ್ ಕೋಸಂಬರಿಯನ್ನು ಬಲ್ಲ ನಾಲಗೆಗೆ ಇದು ತೀರ ಅಪರಿಚಿತವೆನಿಸದು.

ಸೇಬಿಲ್ಲದ ಸೇಬಿನ ಪೈ

ಬಿಸ್ಕತ್ತಿನಿಂದ ಸೇಬಿನ ಭ್ರಮೆಯನ್ನು ಹುಟ್ಟಿಸುವ ಈ ಉಪಾಯ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ರಿಟ್ಜ್ ಬಿಸ್ಕತ್ತಿನ ಪೆಟ್ಟಿಗೆಯ ಮೇಲೆ ಅಚ್ಚಾದ ಮೇಲೆ ಮನೆಮಾತಾಯಿತು. ಒಂದೂಮುಕ್ಕಾಲು ಬಟ್ಟಲು ನೀರು, ಎರಡು ಬಟ್ಟಲು ಸಕ್ಕರೆ, ಎರಡು ಸಣ್ಣ ಚಮಚ ಕ್ರೀಮ್ ಆಫ್ ಟಾರ್ಟರ್ ಇವನ್ನು ಹದಿನೈದು ನಿಮಿಷ ಕುದಿಸಿ ಪಾಕ ಮಾಡಿ, ಎರಡು ದೊಡ್ಡ ಚಮಚ ನಿಂಬೆರಸ, ಒಂದು ನಿಂಬೆಯ ಸಿಪ್ಪೆಯ ತುರಿ ಸೇರಿಸಿ ಆರಿಸಿ, ಪೈ ತಟ್ಟೆಗೆ ಹಾಸಿದ ಹಿಟ್ಟಿನ ಹಾಳೆಯ ಮೇಲೆ ಒರಟಾಗಿ ಮುರಿದ ಮೂವತ್ತಾರು ಬಿಸ್ಕತ್ತುಗಳನ್ನು ಹರಡಿ, ಮೇಲೆ ಪಾಕ ಹೊಯ್ದು, ಬೆಣ್ಣೆಯ ಚೂರುಗಳನ್ನೂ ದಾಲ್ಚಿನ್ನಿಯನ್ನೂ ಉದುರಿಸಿ, ಇನ್ನೊಂದು ಹಾಳೆಯಿಂದ ಮುಚ್ಚಿ, ಆವಿ ಹೋಗಲು ಸೀಳಿ, 220 ಡಿಗ್ರಿಯಲ್ಲಿ ಮೂವತ್ತು ನಿಮಿಷ ಬೇಯಿಸಬೇಕು. ಪೈಯಲ್ಲಿ ನಾವು ಸೇಬೆಂದು ಗುರುತಿಸುವುದು ಬಹುಪಾಲು ಹುಳಿ, ಸಿಹಿ, ದಾಲ್ಚಿನ್ನಿ ಮತ್ತು ಮೆತ್ತನೆಯ ಚೂರುಗಳ ಕೂಟವನ್ನು; ಆ ನಾಲ್ಕೂ ಇಲ್ಲಿರುವುದರಿಂದ ಮನಸ್ಸು ಮೋಸಹೋಗುತ್ತದೆ. ಪೂರ್ತಿಯಾಗಿ ಆರುವ ಮುನ್ನ ಕತ್ತರಿಸಿದರೆ ಪಾಕ ಹರಿದು ಗುಟ್ಟು ಬಯಲಾಗುತ್ತದೆ.

ಎರಡು ಎಚ್ಚರಿಕೆಗಳು

ಡಬ್ಬಿಯ ಸೂಪಿನಲ್ಲಿಯೂ ಬಿಸ್ಕತ್ತಿನಲ್ಲಿಯೂ ಉಪ್ಪು ಧಾರಾಳವಾಗಿರುವುದರಿಂದ, ಪಾಕದಲ್ಲಿ ಬೇರೆಯಾಗಿ ಹೇಳಿದ ಉಪ್ಪನ್ನು ರುಚಿ ನೋಡಿದ ಮೇಲೆಯೇ ಹಾಕಬೇಕು. ಎರಡನೆಯದು ಇದಕ್ಕಿಂತ ಗಂಭೀರವಾದದ್ದು: ಇಂಥ ಪುಸ್ತಕಗಳ ಕೊನೆಯಲ್ಲಿ ತರಕಾರಿಗಳನ್ನು ಮನೆಯಲ್ಲಿಯೇ ಗಾಜಿನ ಜಾಡಿಗಳಿಗೆ ತುಂಬಿಡುವ ವಿಧಾನಗಳಿದ್ದರೆ ಅವನ್ನು ಓದಿ ಸಂತೋಷಪಡಬಹುದು, ಅನುಸರಿಸಕೂಡದು. ಹುರುಳಿಕಾಯಿಯಂಥ ಹುಳಿಯಿಲ್ಲದ ತರಕಾರಿಗಳಲ್ಲಿ ಬಾಟುಲಿಸಂ ರೋಗದ ಬೀಜಾಣುಗಳು ಕುದಿನೀರಿನ ಶಾಖಕ್ಕೆ ಸಾಯುವುದಿಲ್ಲ. ಒತ್ತಡದ ಪಾತ್ರೆಯಲ್ಲಿ 116 ಡಿಗ್ರಿಯಷ್ಟು ಶಾಖ, ಪರೀಕ್ಷಿಸಿ ನಿಗದಿಪಡಿಸಿದ ಕಾಲದವರೆಗೆ ಬೇಕು. ಉಬ್ಬಿದ ಡಬ್ಬಿಯನ್ನಂತೂ ತೆರೆಯದೆಯೇ ಎಸೆಯತಕ್ಕದ್ದು.

ಇನ್ನು ತೀರ್ಪು. ಈ ಐದರಲ್ಲಿ ಮೂರು ಗುಳಿಯ ಕೇಕು ನಮ್ಮ ಮನೆಯ ಅಡುಗೆಯೇ ಆಗಿಹೋಗಿದೆ. ಸೂಪಿನ ಕೇಕು ಮಳೆಗಾಲದ ಸಂಜೆಗಳಿಗೆ ಒಪ್ಪುತ್ತದೆ. ಹುರುಳಿಕಾಯಿಯ ಕ್ಯಾಸರೋಲು ಹತ್ತು ಜನ ಕೂಡಿದಾಗ ಮಾತ್ರ ಸೊಗಸು. ನಡುಗುವ ಸಲಾಡು ಮಕ್ಕಳ ಪಾಲು. ಸೇಬಿಲ್ಲದ ಪೈಯನ್ನು ಬೆರಗಿಗಾಗಿ ಒಂದು ಸಲ ಮಾಡಿದರೆ ಸಾಕು. ಮಾಡಿದವರು, ನನ್ನ ಪುಸ್ತಕದ ಹಿಂದಿನ ಒಡತಿ ಮಾಡಿದಂತೆ, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ನಾಲ್ಕು ಅಕ್ಷರ ಬರೆದಿಡಿ: ಮಾಡಿದ ದಿನ, ಬಳಸಿದ ಡಬ್ಬಿಯ ತೂಕ ಗ್ರಾಂಗಳಲ್ಲಿ, ಮತ್ತು ನಿಮ್ಮದೇ ಹೆಸರು.